ಗುಡುಗಿದಾಗ ಗಾಡಿಯಿಂದ ಇಳಿಯಬೇಡಿ

ಅಶ್ವಿನಿ ಮಳೆ ಶುರುವಾದ ಮೇಲೆ ಯಾರಾದರೊಬ್ಬರು ನನ್ನ ಅಂಗಡಿ ಬಾಗಿಲಿಗೆ ಬಂದು ನನ್ನ ರಕ್ತ ಕುದಿಸದೆ ಹೋದ ವರ್ಷವೇ ಇಲ್ಲ. ಚಾಮರಾಜನಗರದಲ್ಲಿ ಗುಂಡ್ಲುಪೇಟೆ ರಸ್ತೆಗೆ ಮುಖ ಮಾಡಿಕೊಂಡು ಗಾಡಿಗಳ ವೈರಿಂಗ್ ಕೆಲಸ ಮಾಡೋನು ನಾನು. ಡೈನಮೊ, ಸೆಲ್ಫು, ಹಾರನ್ನು, ಲೈಟು, ಕರೆಂಟಿಗೆ ಸಂಬಂಧಪಟ್ಟದ್ದೆಲ್ಲ ನನ್ನ ಪಾಲಿಗೆ. ಸಿಡಿಲೂ ಕರೆಂಟೇ ತಾನೆ, ಹಾಗಾಗಿ ಅದೂ ನನ್ನ ತಲೆಗೇ.

ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಗಾಡಿಗೆ ಸಿಡಿಲು ತಾಗದ ಹಾಗೆ ಏನಾದರೂ ಹಾಕಿಕೊಡ್ತೀರಾ? ನಾನು ಹೇಳೋದೂ ಒಂದೇ. ಏನೂ ಬೇಡ. ಸುತ್ತಲೂ ತಗಡು, ತಲೆ ಮೇಲೂ ತಗಡು ಇರೋ ಗಾಡಿಯಾದರೆ ಗಾಜು ಏರಿಸಿ, ಕೈ ಮಡಿಲಲ್ಲಿಟ್ಟುಕೊಂಡು ಒಳಗೆ ಕೂತಿರಿ. ಸಿಡಿಲು ಬಿದ್ದರೂ ಕೊಡೆ ಮೇಲೆ ಮಳೆ ಜಾರಿದ ಹಾಗೆ ತಗಡಿನ ಮೇಲೇ ಜಾರಿ ನೆಲಕ್ಕೆ ಹೋಗುತ್ತೆ. ವೈರು ಸುಟ್ಟರೆ ಸುಟ್ಟೀತು, ನೀವು ಉಳೀತೀರಿ. ಸ್ಕೂಟರು, ಟ್ರ್ಯಾಕ್ಟರು, ಟಾರ್ಪಾಲು ಹೊದಿಸಿದ ಜೀಪಿಗೆ ಈ ಮಾತು ಸಲ್ಲದು. ಮರದ ಕೆಳಗಂತೂ ನಿಲ್ಲಲೇಬೇಡಿ.

ಇಷ್ಟೇ ಸ್ವಾಮಿ. ಬಿಟ್ಟಿ ಸಲಹೆ. ಬಿಟ್ಟಿ ಸಿಕ್ಕಿದ್ದಕ್ಕೇ ಇರಬೇಕು, ತೊಂಬತ್ತರ ದಶಕದ ಆ ಹತ್ತು ವರ್ಷದಲ್ಲಿ ಒಬ್ಬರೂ ನಂಬಲಿಲ್ಲ. ಊರವರು ನಂಬದಿದ್ದರೆ ಹಾಳಾಗಿ ಹೋಗಲಿ, ಉಮ್ಮತ್ತೂರಿನ ನನ್ನ ಮಾವ ನಂಬಬೇಕಿತ್ತು. ಅವರದೊಂದು ತಗಡಿನ ಮೈಯ ವ್ಯಾನು ಇತ್ತು. ದಾರಿಯಲ್ಲಿ ಗುಡುಗಿತು ಅಂದರೆ ವ್ಯಾನು ನಿಲ್ಲಿಸಿ, ಒಳಗಿದ್ದವರನ್ನೆಲ್ಲ ಇಳಿಸಿ, ಹತ್ತಿರದ ಮರದ ಕೆಳಗೆ ಸಾಲಾಗಿ ನಿಲ್ಲಿಸೋದು ಅವರ ಪದ್ಧತಿ. ಆ ಸಾಲಿನಲ್ಲಿ ನನ್ನ ಹೆಂಡತಿಯೂ ಐದು ವರ್ಷದ ಮಗಳೂ ಇರುತ್ತಿದ್ದರು. ಅವರು ತವರಿಗೆ ಹೋದಾಗ ಮೋಡ ಕಟ್ಟಿತು ಅಂದರೆ ಅಂಗಡಿಯಲ್ಲಿ ನನಗೆ ಕೈ ಓಡುತ್ತಿರಲಿಲ್ಲ.

"ಮಾವ, ಇಳಿಸಬೇಡಿ" ಅಂತ ಹೇಳಿ ಹೇಳಿ ನಾಲಿಗೆ ಸವೆಯಿತು. "ಕಬ್ಬಿಣದೊಳ್ಗ ಕೂತ್ಕಂಡು ಸಿಡ್ಲು ತಪ್ಪುಸ್ಕಳದ? ನೀವು ಓದ್ದೋರು, ಬುಡಿ" ಅನ್ನೋರು. ಓದ್ದೋರು ಅನ್ನೋ ಮಾತನ್ನ ಅವರ ಬಾಯಲ್ಲಿ ಕೇಳಿದರೆ ಸ್ಕೂಲಿಗೆ ಹೋಗಿದ್ದೇ ತಪ್ಪಾಯಿತು ಅನ್ನಿಸೋದು.

೧. ಸರಪಳಿ

ಗುಂಡ್ಲುಪೇಟೆಯ ಅರಿಸಿನದ ವ್ಯಾಪಾರಿಯೊಬ್ಬರು ಅಂಬಾಸಿಡರ್ ತಂದು ನಿಲ್ಲಿಸಿದರು. "ಪೆಟ್ರೋಲ್ ಟ್ಯಾಂಕರ್‌ಗೆ ಹಿಂದ್ಗಡೆ ಸರಪಳಿ ನೇತಾಕಿರ್ತಾರಲ್ಲ, ಅಂಥದ್ದೊಂದು ಹಾಕು. ಸಿಡ್ಲು ಬಂದ್ರೆ ಅದ್ರಲ್ಲೇ ಇಳ್ಕಂಡು ಓಗ್ಲಿ."

"ಯಜಮಾನ್ರೆ, ಅದು ಸಿಡಿಲಿಗಲ್ಲ. ಪೆಟ್ರೋಲು ಕುಲುಕಾಡಿ ಕಿಡಿ ಹುಟ್ಟದೆ ಇರಲಿ ಅಂತ. ಆಕಾಶದಿಂದ ಇಲ್ಲೀತನಕ ಹಾರಿಕೊಂಡು ಬಂದ ಸಿಡಿಲು, ಕಾರಿಂದ ನೆಲಕ್ಕೆ ಒಂದು ಗೇಣು ಹಾರೋದಕ್ಕೆ ನಿಮ್ಮ ಸರಪಳಿ ಕಾಯುತ್ತಾ?"

"ಕೆಲ್ಸ ಬರಲ್ಲ ಅಂದ್ರೆ ಬರಲ್ಲ ಅನ್ನು" ಅಂದುಬಿಟ್ಟು ಹೊರಟೇ ಹೋದರು. ಬೇರೆ ಕಡೆ ಎತ್ತು ಕಟ್ಟೋ ಅಂಥ ದಪ್ಪನೆಯ ಸರಪಳಿ, ಎರಡು ಮಾರು ಉದ್ದದ್ದು, ಹಾಕಿಸಿಕೊಂಡರು. ಉದ್ದ ಇದ್ದಷ್ಟೂ ಒಳ್ಳೆಯದಂತೆ. ಯಾವ ಪುಣ್ಯಾತ್ಮ ಹೇಳಿದನೋ.

ಸಂಕ್ರಾಂತಿ ಹೊತ್ತಿಗೆ ನಮ್ಮ ಕಡೆ ಹುರುಳಿ ಒಕ್ಕಣೆ. ಹುರುಳಿ ಬಳ್ಳಿ ಕಿತ್ತು ತಂದು ಟಾರು ರೋಡಿನ ಮೇಲೆ ಹರಡಿಬಿಡೋದು, ಹೋಗೋ ಬರೋ ಬಸ್ಸು ಲಾರಿ ಅದನ್ನ ತುಳಿದು ಕಾಳು ಬಿಡಿಸೋದು. ನಮ್ಮೂರು ಎರಡು ಮೈಲಿ ಇರುವಾಗ ಇವರ ಕಾರೂ ಅದರ ಮೇಲೆ ಹೋಯಿತು. ಬೇರೆ ಗಾಡಿಗಳು ತುಳಿದು ಹೋದವು, ಇವರದ್ದು ಎಳೆದುಕೊಂಡು ಹೋಯಿತು. ನನ್ನ ಅಂಗಡಿ ಮುಂದೆ ಬಂದು ನಿಂತಾಗ ಕಾರಿನ ಹಿಂದೆ ಒಂದು ಸಣ್ಣ ಮೆದೆಯೇ ಇತ್ತು. ಮೆದೆಯ ಹಿಂದೆ ಸೈಕಲ್ಲಿನಲ್ಲಿ ಅದರ ಒಡೆಯ.

ವ್ಯಾಪಾರಿ ಇಳಿದವರೇ ನನ್ನ ಮೇಲೆ ಹರಿಹಾಯ್ದರು. "ನೀನೇ ಹಾಕಿದ್ರೆ ಗಿಡ್ಡಕ್ಕೆ ಹಾಕಿರ್ತಿದ್ದೆ. ಎಲ್ಲಾ ನಿನ್ನಿಂದ್ಲೇ ಆಗಿದ್ದು." ಬೇಡ ಅಂದವನು ನಾನು, ತಪ್ಪೂ ನನ್ನದೇ.

ರೈತ ಮಾತ್ರ ಜಗಳಕ್ಕೆ ಬರಲಿಲ್ಲ. ಏದುಸಿರು ಬಿಡುತ್ತ ವ್ಯಾಪಾರಿಗೆ ಹೇಳಿದ: "ಸಾಮಿ, ಇಷ್ಟ್ ದೂರ ತಂದಿದ್ದೀರಿ, ಸಂತೋಷ. ಸಾಗ್ಸದೇ ಆದ್ರೆ ಕಾರ್ ತಿರುಗ್ಸಿ, ನಮ್ ಮನೆ ಆ ಕಡ ಅದ."

೨. ನಡುಮನೆಯಲ್ಲಿ ಸ್ಕೂಟರು

ಓದದವರು ನಂಬಲಿಲ್ಲ, ಸರಿ. ಮೇಷ್ಟ್ರಾದರೂ ನಂಬಬೇಡವೇ? ನಮ್ಮೂರಿನ ಒಬ್ಬ ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನವನ್ನೇ ಕಲಿಸೋರು. ಸ್ಕೂಟರಿನ ಹಾರನ್ ಕೆಟ್ಟಿದೆ ಅಂತ ಹೇಳಿಕಳಿಸಿದ್ದರು. ನನ್ನ ಕಬ್ಬಿಣದ ಪೆಟ್ಟಿಗೆ ಹೊತ್ತುಕೊಂಡು ಅವರ ಮನೆ ಬಾಗಿಲಿಗೆ ಹೋಗೋ ಹೊತ್ತಿಗೆ ಗುಡುಗು ಶುರುವಾಗಿತ್ತು.

ಒಳಗೆ ನೋಡುತ್ತೇನೆ, ನಡುಮನೆಯಲ್ಲಿ ಸ್ಕೂಟರು. ಅದರ ಮೇಲೆ ಹೆಲ್ಮೆಟ್ ಹಾಕಿಕೊಂಡು ಮೇಷ್ಟ್ರು, ಹಿಂದೆ ಅವರ ಹೆಂಡತಿ, ಮುಂದೆ ಇಬ್ಬರು ಮಕ್ಕಳು. ಯಾರ ಕಾಲೂ ನೆಲಕ್ಕೆ ತಾಗಿಲ್ಲ.

"ರಬ್ಬರ್ ಟೈರು ಕಣ್ರಿ" ಅಂದರು ಮೇಷ್ಟ್ರು. "ರಬ್ಬರಿನಲ್ಲಿ ವಿದ್ಯುತ್ ಹರಿಯೋದಿಲ್ಲ. ಎಂಟನೇ ಕ್ಲಾಸಿನ ಪಾಠ. ನೀವೂ ಬನ್ನಿ, ಹಿಂದೆ ಸ್ಟೆಪ್ನಿ ಮೇಲೆ ಜಾಗ ಇದೆ."

"ಸಾರ್, ಮನೆಯೊಳಗೆ ಸುಮ್ಮನೆ ಚಾಪೆ ಮೇಲೆ ಕೂತರೂ ಇದಕ್ಕಿಂತ ವಾಸಿ. ಸಿಡಿಲಿಗೆ ರಬ್ಬರು ಯಾವ ಲೆಕ್ಕ? ಅದೂ ಅಲ್ಲದೆ ನಿಮ್ಮ ಸ್ಕೂಟರು ನಿಂತಿರೋದು ಟೈರಿನ ಮೇಲಲ್ಲ, ಕಬ್ಬಿಣದ ಸ್ಟ್ಯಾಂಡಿನ ಮೇಲೆ."

ಮೇಷ್ಟ್ರು ಬಗ್ಗಿ ನೋಡಿದರು. ಮುಖ ಬಿಳಿಚಿಕೊಂಡಿತು. ಈಗಲಾದರೂ ಇಳೀತಾರೆ ಅಂದುಕೊಂಡೆ. ಇಳಿಯಲಿಲ್ಲ. ಸ್ಟ್ಯಾಂಡ್ ತೆಗೆಸಿ, ನಾಲ್ಕು ಜನ ಕೂತ ಸ್ಕೂಟರು ಬೀಳದ ಹಾಗೆ ಹಿಡಿದುಕೊಳ್ಳಿ ಅಂತ ನನ್ನನ್ನೇ ನಿಲ್ಲಿಸಿದರು. ನನ್ನ ಎರಡೂ ಕಾಲು ನೆಲದ ಮೇಲೇ ಇದ್ದವು, ಅದು ಅವರ ಪಾಠದಲ್ಲಿ ಬರಲಿಲ್ಲ. ಗುಡುಗು ನಿಲ್ಲೋವರೆಗೆ ಹಲ್ಲು ಕಚ್ಚಿಕೊಂಡು ಹಿಡಿದಿದ್ದೆ.

ಮೇಷ್ಟ್ರ ಹೆಂಡತಿ ಮಾತ್ರ ಹಿಂದೆ ಆರಾಮಾಗಿ ಕೂತು ಹೇಳಿದರು: "ನೀವೇನೂ ಬೇಜಾರು ಮಾಡ್ಕೋಬೇಡಿ. ಸಂತೆಗೆ ಹೋಗೋಣ ಅಂದ್ರೆ ಪೆಟ್ರೋಲ್ ಇಲ್ಲ ಅಂತಾರೆ. ಸಿಡಿಲು ಬಂದ್ರೇನೇ ನಂಗೆ ಇದ್ರ ಮೇಲೆ ಸವಾರಿ."

೩. ಬಾಂಬಿಗೆ ಹೆದರದ ಜೀಪು

ಚಾಮರಾಜನಗರ ಜಿಲ್ಲೆಯಾಗಿ ಊರಿಗೆ ಹೊಸ ಹೊಸ ಆಫೀಸು ಬಂದ ಕಾಲ. ದೇಶ ಅಣುಬಾಂಬು ಪರೀಕ್ಷೆ ಮಾಡಿದ್ದೂ ಆಗಲೇ. ಒಬ್ಬ ಸಾಹೇಬರು ಎಲ್ಲೋ ಓದಿದ್ದರು: ಬಾಂಬನ್ನ ಆಕಾಶದಲ್ಲಿ ಬಹಳ ಎತ್ತರಕ್ಕೆ ಒಯ್ದು ಸಿಡಿಸಿದರೆ ಕಣ್ಣಿಗೆ ಕಾಣದ ಒಂದು ಕರೆಂಟಿನ ಅಲೆ ಬಂದು ಕೆಳಗಿನ ಗಾಡಿಗಳನ್ನೆಲ್ಲ ನಿಂತಲ್ಲೇ ನಿಲ್ಲಿಸಿಬಿಡುತ್ತದಂತೆ. ಅವರ ಜೀಪು ನನ್ನ ಅಂಗಡಿಗೆ ಬಂತು. ಬಂತು ಅಂದರೆ, ಆಫೀಸಿನ ನಾಲ್ಕು ಜನ ತಳ್ಳಿಕೊಂಡು ಬಂದರು.

"ಇದಕ್ಕೆ ಆ ಅಲೆಯಿಂದ ರಕ್ಷಣೆ ಮಾಡಿಕೊಡಿ" ಅಂದರು ಸಾಹೇಬರು.

ಬಾನೆಟ್ ಎತ್ತಿ ನೋಡಿದೆ. "ಸಾರ್, ಆ ಅಲೆಗೆ ಸುಡೋದು ಸೂಕ್ಷ್ಮವಾದ ಸಾಮಾನು. ಕಂಪ್ಯೂಟರ್ ಇರೋ ಫಾರಿನ್ ಕಾರಿನವರು ಹೆದರಬೇಕು. ನಿಮ್ಮದು ಹಳೇ ಡೀಸೆಲ್ ಇಂಜಿನ್ನು, ಒಂದು ಸಲ ಹತ್ತಿಕೊಂಡರೆ ಕರೆಂಟೇ ಬೇಡ. ಸೆಲ್ಫು ಸತ್ತು ಎಷ್ಟು ಕಾಲವಾಯಿತೋ, ಡೈನಮೊ ಇಲ್ಲವೇ ಇಲ್ಲ. ಸುಡೋದಕ್ಕೆ ಇದರೊಳಗೆ ಏನೂ ಉಳಿದಿಲ್ಲ. ಮೊದಲು ಸೆಲ್ಫು ಮಾಡಿಸಿ."

ಸೆಲ್ಫಿಗೆ ಮಂಜೂರಾತಿ ಬಂದಿಲ್ಲವಂತೆ. ಬಾಂಬಿನ ವಿಷಯ ಮಾತ್ರ ಬರವಣಿಗೆಯಲ್ಲಿ ಬೇಕಂತೆ, ಫೈಲಿಗೆ ಹಾಕೋಕೆ. ನನಗೆ ಮೈಯೆಲ್ಲ ಉರಿದುಹೋಯಿತು. ಬಿಲ್ ಪುಸ್ತಕದ ಹಾಳೆ ಹರಿದು ಬರೆದೆ: 'ಈ ಜೀಪಿಗೆ ಅಣುಬಾಂಬಿನಿಂದ ಯಾವ ತೊಂದರೆಯೂ ಇರುವುದಿಲ್ಲ. ಬಾಂಬು ಬಿದ್ದ ಮಾರನೆಯ ದಿನವೂ ನಾಲ್ಕು ಜನ ತಳ್ಳಿದರೆ ಸ್ಟಾರ್ಟ್ ಆಗುತ್ತದೆ.' ಸಾಹೇಬರಿಗೆ ಸಿಟ್ಟು ಬರಲಿ ಅಂತಲೇ ಬರೆದದ್ದು. ಅವರು ಎರಡು ಸಲ ಓದಿ, ಕೆಳಗೆ ಅಂಗಡಿ ಸೀಲು ಹಾಕಿ ಅಂದರು.

ತಳ್ಳಿಕೊಂಡು ಬಂದವರಲ್ಲಿ ಹಿರಿಯ ಜವಾನರೊಬ್ಬರು ಬೆವರು ಒರೆಸಿಕೊಂಡು ಹತ್ತಿರ ಬಂದರು. "ಅಣ್ಣ, ಆ ನಾಕ್ ಜನಕ್ಕೂ ಏನೂ ಆಗಲ್ಲ ಅಂತ ಇನ್ನೊಂದು ಚೀಟಿ ಬರ್ಕೊಡಿ."

೪. ಮಾವ ಮತ್ತು ಪೆಟ್ಟಿಗೆ

ಇನ್ನು ನನ್ನ ಮಾವನ ಕತೆ. ಹೆಂಡತಿಯ ತಂಗಿಯನ್ನ ಪುಣಜನೂರಿಗೆ ಕೊಟ್ಟಿತ್ತು. ಅವಳ ಮಗುವಿನ ನಾಮಕರಣಕ್ಕೆ ಮಾವನ ವ್ಯಾನಿನಲ್ಲಿ ಎಲ್ಲರೂ ಹೊರಟೆವು. ಆ ದಿನ ಓಡಿಸುತ್ತಿದ್ದವನು ನಾನು. ಪಕ್ಕದಲ್ಲಿ ಮಾವ, ಹಿಂದೆ ಅತ್ತೆ, ನನ್ನ ಹೆಂಡತಿ, ಮಗಳು. ಸೀಟಿನ ಕೆಳಗೆ ನನ್ನ ಪೆಟ್ಟಿಗೆ. ಸ್ಪ್ಯಾನರು, ಕಟಿಂಗ್ ಪ್ಲೇಯರು, ಕರೆಂಟು ಅಳೆಯೋ ಮೀಟರು ಎಲ್ಲ ಅದರಲ್ಲೇ. ಮೈಸೂರಿನಲ್ಲಿ ನನಗೆ ಕೆಲಸ ಕಲಿಸಿದ ಗುರುಗಳು ಕೈಯಾರೆ ಕೊಟ್ಟಿದ್ದು ಅದು.

ಕಾಡು ಶುರುವಾಗೋ ಕಡೆ ಮಧ್ಯಾಹ್ನದ ಆಕಾಶ ಕಪ್ಪಿಟ್ಟು ಗುಡುಗಿತು. ಮುಂದೆ ರಸ್ತೆಗೆ ಕೊಂಬೆ ಮುರಿದು ಬಿದ್ದಿತ್ತು, ನಿಲ್ಲಿಸಲೇಬೇಕಾಯಿತು. ರಸ್ತೆಯಿಂದ ಸ್ವಲ್ಪ ಕೆಳಗೆ ಇಳಿಜಾರಿನಲ್ಲಿ ದೊಡ್ಡದೊಂದು ಹುಣಸೆಮರ. ಮಾವನ ಕಣ್ಣು ಅದರ ಮೇಲೆ ಬಿತ್ತು.

"ಎಲ್ರೂ ಇಳೀರಿ. ಮರದ ಕೆಳೀಕ ನಡೀರಿ."

ಹಿಂದಕ್ಕೆ ದಾಟಿ ಹಿಂದಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟೆ. "ಮಾವ, ಇವತ್ತು ಆಗೋದಿಲ್ಲ. ನನ್ನ ಹೆಂಡತಿ ಮಗಳು ಇಳಿಯೋದಿಲ್ಲ, ನೀವೂ ಇಳಿಯೋದಿಲ್ಲ. ಇವರನ್ನ ಇಳಿಸಬೇಕಾದರೆ ನನ್ನನ್ನ ತುಳಿದುಕೊಂಡು ಇಳಿಸಬೇಕು."

ಮದುವೆಯಾದ ಮೇಲೆ ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು. ಅತ್ತೆ ಹೇಳಿದರು: "ಅಳಿಯಂದ್ರು ಇಷ್ಟ್ ಹೇಳ್ತಾವ್ರ. ಒಂದ್ ಸಲ ಕೇಳ್ಬುಡಿ."

ಮಾವ ಮೀಸೆ ತಿರುವಿಕೊಂಡು ಯೋಚಿಸಿದರು. "ಆಯ್ತು. ಕೂತ್ಕತೀನಿ. ಆದ್ರ ಕಬ್ಬಿಣ ಆಚ್ಗ ಓಗ್ಬೇಕು."

ಸಿಡಿಲು ಜೋರಾದರೆ ಮನೆಯೊಳಗಿನ ಕುಡುಗೋಲನ್ನೋ ಹಾರೆಯನ್ನೋ ಅಂಗಳಕ್ಕೆ ಎಸೆಯೋದು ನಮ್ಮ ಕಡೆ ಹಳೇ ಪದ್ಧತಿ. ಸಿಡಿಲು ಅದರ ಮೇಲೆ ಬಿದ್ದು ಮನೆ ಉಳಿಯುತ್ತದೆ ಅಂತ.

"ಈ ವ್ಯಾನೇ ಕಬ್ಬಿಣ ಮಾವ, ಇದನ್ನ ಎಲ್ಲಿಗೆ ಎಸೀತೀರಿ?" ಅಂತ ನಾನು ಕೇಳೋದರೊಳಗೆ ಅವರು ಮುಂದಿನ ಬಾಗಿಲು ತೆಗೆದು, ಸೀಟಿನ ಕೆಳಗಿನ ನನ್ನ ಪೆಟ್ಟಿಗೆಯನ್ನ ಎರಡೂ ಕೈಯಲ್ಲಿ ಎತ್ತಿ ಎಸೆದೇಬಿಟ್ಟರು. ಭತ್ತದ ಮೂಟೆ ಎತ್ತಿದ ತೋಳು ಅದು. ಪೆಟ್ಟಿಗೆ ಇಳಿಜಾರಿನಲ್ಲಿ ಉರುಳಿ ಉರುಳಿ ಹುಣಸೆಮರದ ಬುಡಕ್ಕೆ ಹೋಗಿ ನಿಂತಿತು. ಮಾವ ಬಾಗಿಲು ಹಾಕಿ ಗಾಜು ಏರಿಸಿದರು.

ನಾನು ತರೋಕೆ ಎದ್ದೆ. ಹೆಂಡತಿ ಹಿಂದಿನಿಂದ ಅಂಗಿ ಹಿಡಿದುಕೊಂಡಳು. "ಎಲ್ಲಿಗೆ? ಇಳೀಬಾರ್ದು ಅಂತ ನೀವೇ ತಾನೆ ಹೇಳಿದ್ದು?"

ಮಾತು ಮುಗಿದಿರಲಿಲ್ಲ, ಕಣ್ಣು ಕೋರೈಸಿ, ಕಿವಿ ಮುಚ್ಚಿಹೋಗೋ ಹಾಗೆ ಬಡಿಯಿತು. ಮಗಳು ಚೀರಿಕೊಂಡಳು. ಕಣ್ಣು ಬಿಟ್ಟು ನೋಡಿದರೆ ಹುಣಸೆಮರ ನಡುವೆ ಸೀಳಿ ಎರಡಾಗಿತ್ತು, ಬುಡದಿಂದ ಹೊಗೆ ಏಳುತ್ತಿತ್ತು. ವ್ಯಾನಿನೊಳಗೆ ಯಾರಿಗೂ ಒಂದು ಕೂದಲೂ ಕೊಂಕಿರಲಿಲ್ಲ. ಮಗಳನ್ನ ತಬ್ಬಿಕೊಂಡು ಕೂತೆ. ಮಾವ ಇಳಿಸಿದ್ದರೆ ಅವಳು ನಿಂತಿರುತ್ತಿದ್ದದ್ದು ಅದೇ ಬುಡದಲ್ಲಿ.

ಆಮೇಲೆ ಮಾವನ ಮುಖ ನೋಡಿದೆ. ಹತ್ತು ವರ್ಷ ಗಂಟಲು ಹರಿದುಕೊಂಡದ್ದಕ್ಕೆ ಇವತ್ತಾದರೂ ಒಂದು ಮಾತು ಬರುತ್ತದೆ ಅಂತ ಕಾದೆ. ಅವರು ಸೀಳಿದ ಮರ ನೋಡಿದರು. ಬುಡದಲ್ಲಿ ಸುಟ್ಟು ಕಪ್ಪಾಗಿದ್ದ ನನ್ನ ಪೆಟ್ಟಿಗೆ ನೋಡಿದರು. ನಿಧಾನವಾಗಿ ಕೈ ಮುಗಿದರು.

"ನೋಡುದ್ರಾ? ಸರ್ಯಾಗಿ ಪೆಟ್ಗ ಮೇಲೇ ಬಿತ್ತು."

"ಎಸೀದೆ ಇದ್ದಿದ್ರ ನಮ್ ಮೇಲೇ ಬೀಳ್ತಿತ್ತು" ಅಂದರು ಅತ್ತೆ. ನನ್ನ ಹೆಂಡತಿ, ನನ್ನ ಜೊತೆ ಇಷ್ಟು ವರ್ಷ ಬಾಳಿದವಳು, ಹೌದು ಅಂತ ತಲೆ ಆಡಿಸಿದಳು.

ಗುಡುಗು ನಿಂತ ಮೇಲೆ ಕೊಂಬೆ ಸರಿಸಿ, ಸುಟ್ಟ ಪೆಟ್ಟಿಗೆ ಎತ್ತಿಕೊಂಡು ಹೊರಟೆವು. ಪುಣಜನೂರಿನಲ್ಲಿ ನಾಮಕರಣದ ಮಗುವನ್ನ ಯಾರೂ ನೋಡಲಿಲ್ಲ, ಎಲ್ಲ ಪೆಟ್ಟಿಗೆ ನೋಡಿದರು. ಕರಗಿದ ಮೀಟರು ಈಗ ಉಮ್ಮತ್ತೂರಿನ ದೇವರ ಕೋಣೆಯಲ್ಲಿದೆ, ದಿನಾ ವಿಭೂತಿ ಬೀಳುತ್ತದೆ. ಮುಂದಿನ ವಾರದಿಂದ ಅಂಗಡಿಗೆ ಬಂದವರು ವೈರಿಂಗ್ ಕೇಳೋದು ಬಿಟ್ಟು, "ಅಣ್ಣ, ಆ ಪೆಟ್ಗ ಎಲ್ಲಿ ಸಿಕ್ತದ?" ಅಂತ ಕೇಳತೊಡಗಿದರು.

ಒಂದು ಮಾತು ಒಪ್ಪಬೇಕು. ಅಂದಿನಿಂದ ಮಾವ ಯಾರನ್ನೂ ಮರದ ಕೆಳಗೆ ನಿಲ್ಲಿಸಿಲ್ಲ. ಗುಡುಗಿದರೆ ಎಲ್ಲರೂ ವ್ಯಾನಿನೊಳಗೆ, ಗಾಜು ಮೇಲೆ, ಕೈ ಮಡಿಲಲ್ಲಿ. ನಾನು ಬೇಡಿಕೊಂಡದ್ದೂ ಅಷ್ಟೇ. ಆದರೂ ಹೊಟ್ಟೆ ಉರಿಯುತ್ತದೆ. ಎಸೆಯೋಕೆ ಪ್ರತಿಸಲ ನನ್ನ ಹೊಸ ಪೆಟ್ಟಿಗೆಯೇ ಆಗಬೇಕು. ಅವರ ವ್ಯಾನಿನ ಜಾಕು ಎಸೆಯೋಕೆ ಅವರಿಗೆ ಮನಸ್ಸಿಲ್ಲ.

ಹಾಗಾಗಿ ಗುಜರಿಯಿಂದ ಒಂದು ತುಕ್ಕು ಹಿಡಿದ ಖಾಲಿ ಪೆಟ್ಟಿಗೆ ತಂದು ವ್ಯಾನಿನಲ್ಲಿಟ್ಟೆ. ಹೋದ ಭರಣಿ ಮಳೆಯಲ್ಲಿ ಬದನಗುಪ್ಪೆ ದಾಟುವಾಗ ಗುಡುಗಿತು. "ಅಳಿಯಂದ್ರ, ಪೆಟ್ಗ" ಅಂತ ಮಾವ ಕೈ ಚಾಚಿದರು. ಕೊಟ್ಟೆ. ಅವರು ಅದನ್ನ ಒಂದು ಸಲ ಮೇಲಕ್ಕೂ ಕೆಳಕ್ಕೂ ತೂಗಿ ನೋಡಿ, ನನ್ನ ಮಡಿಲಲ್ಲೇ ವಾಪಸು ಇಟ್ಟರು.

"ಕಾಲಿ ಪೆಟ್ಗ ಕೊಟ್ಟು ಸಿಡ್ಲಿಗೂ ಮೋಸ ಮಾಡೀರಾ ಅಳಿಯಂದ್ರ? ಸ್ಪ್ಯಾನರ್ ತುಂಬಿ ಕೊಡಿ."