ಇಂಟರ್ನೆಟ್ಟಿಗೊಂದು ಒಪ್ಪೋಲೆ

ಇಂಟರ್ನೆಟ್ಟಿಗೆ ಪುಟಸಂಖ್ಯೆ ಹಾಕಿಸಿದ ಮೊಟ್ಟಮೊದಲ ಮನುಷ್ಯ ಯಾರು ಗೊತ್ತೆ? ನನ್ನ ಸೋದರಮಾವ! ನಗಬೇಡಿ. ಅಮೆರಿಕದವರಿಗೂ ಹೊಳೆಯದ ಈ ಕೆಲಸವನ್ನು, ಹರಿಹರದಿಂದ ದಾವಣಗೆರೆಗೆ ದಿನಾ ಕೆಂಪು ಬಸ್ಸಿನಲ್ಲಿ ಓಡಾಡುತ್ತಿದ್ದ ನನ್ನ ಮಾವ ತೊಂಬತ್ತರ ದಶಕ ಮುಗಿಯುವುದರೊಳಗೆ ಮಾಡಿ ಮುಗಿಸಿದ್ದರು. ಜಗತ್ತು ಗಮನಿಸಲಿಲ್ಲ, ಅಷ್ಟೆ.

ಆಗ ನಾನು ದಾವಣಗೆರೆ ಮಂಡಿಪೇಟೆಯ ಕಬ್ಬಿಣದಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೆಲಸಕ್ಕಿದ್ದೆ. ಹತ್ತಿ ದಲ್ಲಾಳಿ ಮನೆತನದ ನಮ್ಮ ಯಜಮಾನರಿಗೆ ಕಂಪ್ಯೂಟರಿನ ಹುಚ್ಚು ಹಿಡಿದು, ತಂತ್ರಜ್ಞಾನದ ಸುದ್ದಿಯನ್ನು ಕನ್ನಡದಲ್ಲಿ ಇಂಟರ್ನೆಟ್ಟಿಗೆ ಹಾಕುತ್ತೇನೆಂದು ಹೊರಟಿದ್ದರು. ಸುದ್ದಿಮನೆ ಎಂದರೆ ಎರಡು ಕಂಪ್ಯೂಟರು, ಕಿರುಗುಟ್ಟುವ ಒಂದು ಪ್ರಿಂಟರು, ಬರೆಯಲು ನಾನು, ಪುಟ ಕಟ್ಟಿ ಕಳಿಸಲು ನಸೀಮಾ. ಓದುಗರ ಕಂಪ್ಯೂಟರಿನಲ್ಲಿ ಆಗ ಕನ್ನಡದ ಅಕ್ಷರಗಳೇ ಇರುತ್ತಿರಲಿಲ್ಲ. ಹಾಗಾಗಿ ಪ್ರತಿ ಪುಟವನ್ನೂ ಫೋಟೋದ ಹಾಗೆ ಚಿತ್ರ ಮಾಡಿ ಕಳಿಸಬೇಕು. ಒಂದು ಕೊಂಬು ತಪ್ಪಿದರೂ ಇಡೀ ಚಿತ್ರ ಮತ್ತೆ ಮಾಡಬೇಕು. ಕಳಿಸುವುದಕ್ಕೆ ಇದ್ದದ್ದು ಒಂದೇ ಫೋನಿನ ತಂತಿ, ಅದರ ಜೋಡಿ ಫೋನು ಕೆಳಗಿನ ಅಂಗಡಿಯಲ್ಲಿ! ಅವರು "ಹಲೋ, ಹರಿಹರಕ್ಕೆ ಎಷ್ಟು ಸರಳು ಕಳಿಸ್ಲಿ?" ಎಂದು ಫೋನು ಎತ್ತಿದರೆ ಮುಕ್ಕಾಲು ಹೋಗಿದ್ದ ನಮ್ಮ ಪುಟ ಅಲ್ಲೇ ಗೋತಾ ಹೊಡೆಯುತ್ತಿತ್ತು.

ಇಂಥ ಮನೆಗೆ ಕರಡು ತಿದ್ದಲು ಮಾವನನ್ನು ಕರೆತಂದವನು ನಾನೇ. ಹರಿಹರದ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಅಚ್ಚುಮೊಳೆ ಜೋಡಿಸಿದವರು ಅವರು. ಮುದ್ರಣಾಲಯ ಮುಚ್ಚಿ, ಮೊಳೆಗಳೆಲ್ಲ ಗುಜರಿಗೆ ಹೋಗಿದ್ದವು. "ಅಕ್ಷರ ಮುಟ್ಟದೆ ಮೂರು ತಿಂಗಳಾತು ಕಣಲೇ ಅಳಿಯಾ, ಅನ್ನ ಸೇರವಲ್ದು" ಎಂದಿದ್ದರು. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಅಗುಳುಗಳನ್ನು ಸಾಲಾಗಿ ಜೋಡಿಸುತ್ತಿದ್ದುದನ್ನು ನಾನೇ ಕಂಡಿದ್ದೆ.

ಯಜಮಾನರು ಸಂದರ್ಶನ ಮಾಡಿದರು.

"ಇಂಟರ್ನೆಟ್ ಅಂದ್ರೆ ಗೊತ್ತೇನ್ರಿ?"

"ಇಲ್ರಿ. ಕನ್ನಡ ಗೊತ್ತೈತೆ."

"ಇದಕ್ಕೆ ಕಡೇ ಪುಟನೇ ಇಲ್ರಿ. ಬೆಳೀತಾನೇ ಹೋಗ್ತೈತೆ."

ಮಾವನಿಗೆ ಗಾಬರಿಯಾಯಿತು. "ಹಂಗಾದ್ರೆ ಬೈಂಡಿಂಗ್ ಹೆಂಗೆ ಮಾಡ್ತೀರಿ?"

ಯಜಮಾನರು ಕುರ್ಚಿಯಿಂದ ಬೀಳುವಷ್ಟು ನಕ್ಕರು. ಆ ನಗುವಿನಲ್ಲೇ ಕೆಲಸ ಸಿಕ್ಕಿತು.

ಮೊದಲ ದಿನ ಮಾವ ಕಂಪ್ಯೂಟರಿನ ಮುಂದೆ ಕೂತವರು ಅರ್ಧ ಗಂಟೆ ಮಿಸುಕಲಿಲ್ಲ. ಆಮೇಲೆ ಬೇಸರದಿಂದ, "ಇದೇನಲೇ, ಎಲ್ಲಾ ನೆಟ್ಟಗೆ ಐತೆ! ಹೆಂಗೆ ಓದೋದು?" ಎಂದರು. ಅಚ್ಚುಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿರುತ್ತದಲ್ಲ, ಮೂವತ್ತು ವರ್ಷ ಅದನ್ನೇ ಓದಿದ ಕಣ್ಣಿಗೆ ನೆಟ್ಟಗಿನ ಕನ್ನಡ ಸಪ್ಪೆ! ಮರುದಿನ ಅತ್ತೆಯ ಕನ್ನಡಿ ತಂದರು. ಕಂಪ್ಯೂಟರಿಗೆ ಬೆನ್ನು ತಿರುಗಿಸಿ, ಕನ್ನಡಿಯನ್ನು ಮುಖದೆದುರು ಹಿಡಿದು, ಅದರಲ್ಲಿ ಸುದ್ದಿ ಓದತೊಡಗಿದರು. ತೊಡೆಯ ಮೇಲೆ ಅದೇ ಪುಟದ ಪ್ರಿಂಟು, ಬಲಗೈಯಲ್ಲಿ ಕೆಂಪು ಪೆನ್ನು. ಬಂದವರೆಲ್ಲ, "ಹಿರಿಯರು ಕೆಲಸದ ಹೊತ್ತಿನಾಗೆ ಸಿಂಗಾರ ಮಾಡ್ಕೊಂತಾ ಕುಂತಾರಲ್ರಿ!" ಎಂದು ಕೇಳುವವರೇ. ಮಾವನ ಉತ್ತರ ಸಿದ್ಧವಿತ್ತು: "ನೆಟ್ಟಗಿದ್ದದ್ದನ್ನ ನಾವು ಓದಲ್ರಿ, ಓದಿದಂಗೆ ಅನ್ಕೊಂತೀವಿ. ತಿರುವಿ ಹಿಡಿದ್ರೆ ಒಂದೊಂದೇ ಅಕ್ಷರ ನೋಡ್ಬೇಕಾಕ್ಕತಿ." ಕನ್ನಡಿಯನ್ನು ದಿನಕ್ಕೆ ಹತ್ತು ಸಲ ಪಂಚೆಯ ಅಂಚಿನಲ್ಲಿ ಒರೆಸುತ್ತಿದ್ದರು. ಆ ಕನ್ನಡಿಗೆ ಸಿಕ್ಕ ನನ್ನ ತಪ್ಪುಗಳನ್ನು ಮಾತ್ರ ದಯವಿಟ್ಟು ಕೇಳಬೇಡಿ.

ತಪ್ಪು ತಿದ್ದಿದರೆ ಸಾಲದು, ಒಪ್ಪೋಲೆ ಬೇಕು! ಹಳೆಯ ಪುಸ್ತಕಗಳ ಕೊನೆಯಲ್ಲಿ ನೋಡಿರಬೇಕು ನೀವು: ಪುಟ, ಸಾಲು, ತಪ್ಪು, ಒಪ್ಪು ಎಂದು ನಾಲ್ಕು ಕಂಬದ ಪಟ್ಟಿ. ಅದು ಇಂಟರ್ನೆಟ್ಟಿಗೂ ಬೇಕೆಂದು ಮಾವನ ಹಟ.

"ಇಲ್ಲಿ ತಪ್ಪಾದ್ರೆ ಗುಟ್ಟಾಗಿ ತಿದ್ದಬೌದು ಅಂಕಲ್, ಯಾರಿಗೂ ಗೊತ್ತಾಗಲ್ಲ" ಎಂದಳು ನಸೀಮಾ.

"ಯಾರಿಗೂ ಗೊತ್ತಾಗಲ್ಲ ಅಂತ ಮಾಡೋದಕ್ಕೆ ಕಳ್ಳತನ ಅಂತಾರೆ ತಾಯೀ. ಮೊದ್ಲು ಓದಿ ಹೋದೋನಿಗೆ ಹೇಳೋರು ಯಾರು?"

ಒಪ್ಪೋಲೆ ಬಂದ ಮೇಲೆ ಪುಟಸಂಖ್ಯೆ ಬೇಡವೆ? ಬಂತು! ಇಂಟರ್ನೆಟ್ಟಿನಲ್ಲಿ ನಾವು ಮುನ್ನೂರ ನಲವತ್ತನೆಯ ಪುಟದವರೆಗೆ ಹೋಗಿದ್ದೆವು. ಬೇರೆಯವರ ಸುದ್ದಿ ಬೆಳಿಗ್ಗೆ ಹತ್ತಕ್ಕೆ ಬಂದರೆ ನಮ್ಮದು ಮಧ್ಯಾಹ್ನ ಮೂರಕ್ಕೆ. ಆದರೂ ದುಬೈಯಿಂದ ಓದುಗರೊಬ್ಬರು ಪತ್ರ ಬರೆದರು: "ನಿಮ್ಮ ಸುದ್ದಿ ಹಳಸಿರುತ್ತದೆ, ಒಪ್ಪೋಲೆ ಮಾತ್ರ ಬಿಸಿಬಿಸಿ. ನಾನು ಅದಕ್ಕೇ ಬರುವುದು." ಮಾವ ಆ ಪತ್ರದಲ್ಲಿ ಎರಡು ಕಾಗುಣಿತ ತಿದ್ದಿ ಫೈಲಿಗೆ ಹಾಕಿದರು.

ಇನ್ನು ಅವರ ಗುರುತುಗಳ ಕಥೆ. ತೆಗೆದುಹಾಕಬೇಕಾದ ಪದಕ್ಕೆ ಒಂದು ಕೆಂಪು ಗೆರೆ, ಗೆರೆಯ ಕೊನೆಗೆ ಬಾಲದಂಥ ಸುರುಳಿ. ಹೊಡೆದುಹಾಕಿದ ಪದವೇ ಸರಿ, ಅದು ಉಳಿಯಬೇಕು ಅನಿಸಿದರೆ ಅದರ ಕೆಳಗೆ ಚುಕ್ಕೆಗಳ ಸಾಲು, ಅಂಚಿನಲ್ಲಿ 'ಇರಲಿ' ಎಂದು ಬರಹ. ಪಾಪ, ನಸೀಮಾಗೆ ಏನು ಗೊತ್ತು? ಮೊದಲ ವಾರವೇ ಅಂಚಿನದ್ದನ್ನೂ ಸೇರಿಸಿ ಕುಟ್ಟಿದಳು. 'ಅಗ್ಗದ ಮೋಡೆಮ್ ಶೀಘ್ರದಲ್ಲೇ ಮಾರುಕಟ್ಟೆಗೆ ಇರಲಿ' ಎಂಬ ತಲೆಬರಹ ಲೋಕಸಂಚಾರ ಹೊರಟಿತು! ಅದಕ್ಕೆ ಹಾಕಿದ ಒಪ್ಪೋಲೆ ಸುದ್ದಿಗಿಂತ ಉದ್ದವಾಯಿತು.

ನಾನೂ ನಗುತ್ತಿದ್ದೆ, ಒಳಗೊಳಗೆ ಸಿಡುಕುತ್ತಲೂ ಇದ್ದೆ. ಹದಡಿಯ ಕಡೆ ನನಗೆ ಹೆಣ್ಣು ಗೊತ್ತಾಗಿತ್ತು. ಅವರು ಒಪ್ಪಿದ್ದು ನನ್ನ ಮುಖ ನೋಡಿ ಅಲ್ಲ. "ಹುಡುಗ ಇಂಟರ್ನೆಟ್ಟಿನಾಗೆ ಅದಾನೆ" ಎಂದು ಊರೆಲ್ಲ ಹೇಳಿಕೊಂಡಿದ್ದರು. ಮದುವೆಗೆ ಎರಡು ತಿಂಗಳಿತ್ತು. ಕೆಲಸ ಹೋದರೆ ಹುಡುಗಿಯೂ ಹೋದಂತೆಯೇ.

ಆ ವರ್ಷದ ಕೊನೆಗೆ, ಎರಡು ಸಾವಿರ ಇಸವಿ ಬಂದೊಡನೆ ಕಂಪ್ಯೂಟರುಗಳೆಲ್ಲ ತಲೆಕೆಟ್ಟು ನಿಲ್ಲುತ್ತವೆ ಎಂದು ಲೋಕವೇ ಹೆದರಿ ಕೂತಿತ್ತಲ್ಲ, ಆಗ 'ನೀವೇನು ಮಾಡಬೇಕು?' ಎಂದು ನಾನೊಂದು ಲೇಖನ ಬರೆದೆ. ಮಾವ ತಿದ್ದಿದ ಪ್ರಿಂಟು ಏಳು ಕೆಂಪು ಸುತ್ತುಗಳೊಂದಿಗೆ ನನ್ನ ಮೇಜಿಗೆ ಬಂತು. ಅಷ್ಟರಲ್ಲಿ ಕಬ್ಬಿಣದಂಗಡಿಯವರು ಊಟಕ್ಕೆ ಹೋದರು, ಫೋನು ಖಾಲಿ! ಇಂಥ ಯೋಗ ಮತ್ತೆ ಬರುವುದುಂಟೆ? "ಇವತ್ತೊಂದಿನ ಹಂಗೇ ಹಾಕಿಬಿಡು ನಸೀಮಾ, ಮಾವಂದು ಇದ್ದಿದ್ದೇ ಕಾಟ" ಎಂದು ಪ್ರಿಂಟನ್ನು ಓದದೆ ಡ್ರಾಯರಿಗೆ ತುರುಕಿದೆ.

ಎರಡು ದಿನದ ಮೇಲೆ ಊರಾಚೆಯ ಕರೂರು ಕೈಗಾರಿಕಾ ಪ್ರದೇಶದಿಂದ ಸಣ್ಣ ಕಾರ್ಖಾನೆಯವರೊಬ್ಬರು ಮೆಟ್ಟಿಲನ್ನು ಒದ್ದುಕೊಂಡೇ ಹತ್ತಿ ಬಂದರು. ಯಂತ್ರದ ಬಿಡಿಭಾಗ ಮಾಡುವವರು. ಕೈಯಲ್ಲಿ ನನ್ನ ಲೇಖನ.

"ಓದ್ರಿ ಇದನ್ನ! 'ಮುಖ್ಯವಾದ ಕಡತಗಳನ್ನೆಲ್ಲ ಒಂದೊಂದಾಗಿ ಅಳಿಸಿ, ನಿಶ್ಚಿಂತೆಯಿಂದ ಹೊಸ ವರ್ಷ ಸ್ವಾಗತಿಸಿ' ಅಂತ ಬರ್ದೀರಿ. ಅಳಿಸ್ದೆ! ಗಿರಾಕಿಗಳ ಅಳತೆ ಎಲ್ಲಾ ಅದ್ರಾಗೇ ಇದ್ವು. ಈಗ ಭಾಳ ನಿಶ್ಚಿಂತೆ ಆಗೈತ್ರೀ!"

ಉಳಿಸಿ ಎಂದಾಗಬೇಕಿತ್ತು. ಒಂದೇ ಒಂದು ಅಕ್ಷರ! ಉ ಇರಬೇಕಾದಲ್ಲಿ ಅ ಕೂತಿತ್ತು.

"ಇದು ಯಾರ ತಪ್ಪು?" ಎಂದರು ಯಜಮಾನರು. ಆಗ ಅವರು ನಗುತ್ತಿರಲಿಲ್ಲ.

ಮಾವನ ಕೈಚೀಲದಿಂದ ಆ ಪ್ರಿಂಟು ಅರ್ಧ ಇಣುಕುತ್ತಿತ್ತು. ನನ್ನ ಡ್ರಾಯರಿನಿಂದ ಅವರೇ ಯಾವಾಗಲೋ ತೆಗೆದುಕೊಂಡಿರಬೇಕು. ಆ 'ಅ'ದ ಸುತ್ತ ಕೆಂಪು ಸುತ್ತು ಇದ್ದದ್ದು ನನಗೆ ದೂರದಿಂದಲೇ ಕಂಡಿತು. ಒಂದು ಕೊಂಬನ್ನೂ ಬಿಡದ ಮನುಷ್ಯ ಇದನ್ನು ಬಿಟ್ಟಾರೆಯೆ?

ಮಾವ ಎದ್ದು ನಿಂತರು. ಕಾಲಿನಿಂದ ಚೀಲವನ್ನು ಮೆಲ್ಲಗೆ ಕುರ್ಚಿಯಡಿಗೆ ಸರಿಸಿದರು.

"ನಂದೇ ತಪ್ಪು ಸಾವಕಾರ್ರೆ. ಕನ್ನಡಿ ಮ್ಯಾಲೆ ಧೂಳು ಕುಂತಿತ್ತು. ಕಾಣಲಿಲ್ಲ."

ದಿನಕ್ಕೆ ಹತ್ತು ಸಲ ಒರೆಸುವ ಕನ್ನಡಿ! ನಸೀಮಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ತಿದ್ದೋರು ಆಮ್ಯಾಲೆ. ಬರ್ದೋನು ಯಾರು ಅಂತ ನಂಗೆ ಗೊತ್ತೈತೆ" ಎಂದ ಯಜಮಾನರು ಸಿಟ್ಟಿನಿಂದ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಹೋದಾಗ ಮಾವನ ಕುರ್ಚಿ ಖಾಲಿಯಿತ್ತು. ನಸೀಮಾ ಒಬ್ಬಳೇ ಇದ್ದಳು. "ಎಂಟಕ್ಕೇ ಬಂದಿದ್ರು. ಒಪ್ಪೋಲೆ ಬರ್ದಿಟ್ಟು, ಕನ್ನಡಿ ತಗೊಂಡು ಕರೂರಿಗೆ ಹೋದ್ರು. ಅವ್ರ ಹಳೇ ಚೀಟಿ ಎಲ್ಲಾ ಹುಡುಕಿ ಅಳತೆ ಮತ್ತೆ ಬರ್ಕೊಡ್ತಾರಂತೆ. ಇಲ್ಲಿಗೆ ಇನ್ನ ಬರಲ್ಲ ಅಂದ್ರು" ಎಂದವಳು ಮುಖ ತಿರುಗಿಸಿಕೊಂಡಳು. "ಹಾಜರಿ ಪುಸ್ತಕ ನೋಡಿ. ಯಜಮಾನರೂ ನೋಡಿದ್ರು. ನೋಡಿ, ಹಂಗೇ ಮುಚ್ಚಿಟ್ಟು ಹೋದ್ರು."

ಪುಸ್ತಕ ತೆರೆದೆ. ನನ್ನ ಹೆಸರಿನ ಮೇಲೆ ಯಜಮಾನರ ನೀಲಿ ಪೆನ್ನಿನ ಗೆರೆ ಉದ್ದಕ್ಕೂ ಹರಿದಿತ್ತು. ಅದರ ಕೆಳಗಿನ ಸಾಲಿನಲ್ಲಿ ಮಾವನ ಹೆಸರು. ಅದರ ಮೇಲೂ ಒಂದು ಗೆರೆ, ಕೆಂಪು ಶಾಯಿಯದು, ಕೊನೆಗೆ ಬಾಲದಂಥ ಸುರುಳಿ. ಅಕ್ಷರ ಮುಟ್ಟದಿದ್ದರೆ ಅನ್ನ ಸೇರದ ಮನುಷ್ಯ ತಮ್ಮನ್ನೇ ತೆಗೆದುಹಾಕಿಕೊಂಡಿದ್ದರು. ನನಗೆ ಅಳು ತಡೆಯಲಾಗಲಿಲ್ಲ. ನಸೀಮಾ ನೋಡುತ್ತಿದ್ದಾಳೆಂಬ ನಾಚಿಕೆಯೂ ಇಲ್ಲದೆ ಅತ್ತೆ. ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ನೀಲಿ ಗೆರೆ ಎಳೆದಿದ್ದ ನನ್ನ ಹೆಸರಿನ ಕೆಳಗೆ ಸಾಲಾಗಿ ಕೆಂಪು ಚುಕ್ಕೆಗಳಿದ್ದವು. ಅಂಚಿನಲ್ಲಿ, ಮೊಳೆ ಜೋಡಿಸಿದಷ್ಟು ದುಂಡಗೆ, ಮಾವ ಬರೆದಿದ್ದರು: ಇರಲಿ.