ಅಂಕಲಿಯ ಬಾವಿಯಲ್ಲಿ ಬಂಗಾರ

ಭೂಮಿತಾಯಿಯ ಹೊಟ್ಟೆಯಲ್ಲಿ ಏನಿದೆ ಎಂಬುದು ಆ ತಾಯಿಗಾದರೂ ಮರೆತೀತು, ಅಂಕಲಿಯ ನಮ್ಮ ಕಾಕಾನಿಗೆ ಮರೆಯುವಂತಿಲ್ಲ! ತಪ್ಪು ನನ್ನದೇ ಅನ್ನಿ. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಚಿಕ್ಕೋಡಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ನಾನು ಅವರ ಕಟ್ಟೆಯ ಮೇಲೆ ಕುಳಿತು ಪಾಠ ಶುರುಮಾಡಿದೆ. ಆಳದಲ್ಲಿ ಕುದಿಯುವ ನೀರಿನಲ್ಲಿ ಬಂಗಾರ ಕರಗಿರುತ್ತದೆ, ನೆಲ ನಡುಗಿ ಬಂಡೆ ಬಿರಿದಾಗ ಆ ನೀರು ಬಿರುಕಿನಲ್ಲಿ ಮೇಲೇರುತ್ತದೆ, ಒತ್ತಡ ಇಳಿದು ತಣ್ಣಗಾಗುತ್ತ ಬಿಳಿಯ ಬೆಣಚುಕಲ್ಲಿನ ಜೊತೆ ಬಂಗಾರವನ್ನು ಅಲ್ಲೇ ಬಿಡುತ್ತದೆ ಎಂದೆ. ಅಷ್ಟರಲ್ಲಿ ಚಹಾ ಬಂತು. ನಮ್ಮ ಕಡೆಯ ಕರಿಕಲ್ಲು ಲಾವಾ ಆರಿ ಆದದ್ದು, ಇದರಲ್ಲಿ ಬಂಗಾರ ಸಿಗುವುದಿಲ್ಲ ಎಂಬ ಉಳಿದರ್ಧ ಪಾಠ ಚಹಾದ ಜೊತೆ ನನ್ನ ಹೊಟ್ಟೆಗೇ ಹೋಯಿತು.

ಮರುದಿನವೇ ಕಾಕಾನಿಗೆ ತಮ್ಮ ಬತ್ತಿದ ಬಾವಿಯ ತಳದಲ್ಲಿ ಬಿಳಿಯ ಗೆರೆ ಕಂಡಿತು! ಒಂದು ಚೀಲ ಬಿಳಿಕಲ್ಲು ಹೊತ್ತು ನಿಪ್ಪಾಣಿಯಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರನ ಅಂಗಡಿಗೆ ಹೋದರು.

"ಕಾಕಾ, ಇವನ್ನ ಅಂಗಳಕ್ಕ ಹಾಸ್ರಿ, ಚಂದ ಕಾಣ್ತಾವ" ಎಂದನಂತೆ ಆತ.

ಕಾಕಾ ಬಂದು ನನಗೆ ಹೇಳಿದ್ದೇನು? "ನೋಡಿದೇನೋ ಮಾಸ್ತರ, ಬಂಗಾರ ಐತಿ ಅಂತ ಅಂವಗ ಗೊತ್ತಾಗೇತಿ. ಮುಚ್ಚಿಡಾಕ ನೋಡ್ತಾನ!"

ಊರೇ ನಕ್ಕಿತು. ನಾನೂ ನಕ್ಕೆ. ಸಿಟ್ಟಿಗೆದ್ದ ಕಾಕಾ ಬೀರದೇವರ ಭಂಡಾರ ಮುಟ್ಟಿ, ಬಂಗಾರ ಸಿಗುವವರೆಗೆ ಬಾವಿ ಬಿಟ್ಟು ಮೇಲೆ ಬರುವುದಿಲ್ಲ ಎಂದು ಆಣೆ ಮಾಡಿಬಿಟ್ಟರು! ಆ ಅರಿಷಿಣ ಮುಟ್ಟಿ ಆಡಿದ ಮಾತು ತಪ್ಪಿದರೆ ಮನೆಗೇ ಕೇಡು ಎಂದು ನಮ್ಮ ಕಡೆ ನಂಬಿಕೆ.

ಸುತ್ತಿಗೆ ಹಿಡಿದು ಇಳಿದವರಿಗೆ ಬಾವಿಯಲ್ಲೇ ಊಟ, ಬಾವಿಯಲ್ಲೇ ನಿದ್ದೆ; ದಂಡೆಯ ಮೇಲೆ ನಿಂತು ನಾವೆಲ್ಲ ನಗುವುದು. ಮೂರನೆಯ ದಿನ ಮಧ್ಯಾಹ್ನ ಗೋಡೆಯ ಕಲ್ಲೊಂದು ಜಾರಿ ಅವರ ಬುತ್ತಿಯ ಮೇಲೆ ಬಿತ್ತು. ಬಗ್ಗಿ ನೋಡಿದರೆ ಗೋಡೆಯಲ್ಲಿ ಕೈ ಹಿಡಿಸುವಷ್ಟು ಬಿರುಕು. ನಾನು ಮೇಲಿನಿಂದಲೇ ಕೂಗಿದೆ.

"ಕಾಕಾ, ಮ್ಯಾಲ ಬರ್ರಿ! ಗ್ವಾಡಿ ಬೀಳತೈತಿ! ಅಲ್ಲಿ ಬಂಗಾರ ಇಲ್ರಿ, ನಾ ಅರ್ಧಾನ ಹೇಳೇನಿ!"

"ಆಣಿ ಐತಿ ಲೇ!"

ಸುತ್ತಿಗೆ ನಿಲ್ಲಲಿಲ್ಲ. ಪ್ರತಿ ಏಟಿಗೂ ಮಣ್ಣು ಉದುರುತ್ತಿತ್ತು. ಇಳಿದು ಎಳೆದು ತರೋಣವೆಂದರೆ ನನ್ನ ಕಾಲೇ ಏಳಲೊಲ್ಲದು. ಮಾಸ್ತರನ ವಿದ್ಯೆಯೆಲ್ಲ ದಂಡೆಯ ಮೇಲೆ ನಿಂತು ಕೂಗುವುದರಲ್ಲೇ ಮುಗಿಯಿತು!

ಅಷ್ಟರಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು, ಓಡಿ ಬಂದರು. ಬಾವಿಯಲ್ಲಿ ಇಣುಕಲೂ ಹೆದರುವ ಹೆಂಗಸು. ಸೆರಗಿನಲ್ಲಿ ಭಂಡಾರ ಕಟ್ಟಿಕೊಂಡು, ಗೋಡೆ ತಡವುತ್ತ, ಒಂದೊಂದೇ ಮೆಟ್ಟಿಲು ಇಳಿದೇಬಿಟ್ಟರು. ಕೆಳಗೆ ನಿಂತು ಅದನ್ನು ತಮ್ಮ ಹಣೆಗೆ ಬಳಿದುಕೊಂಡರು.

"ನಿಮ್ಮ ಆಣಿ ನಾ ತಗೊಂಡೇನ್ರಿ. ಕೇಡು ಆಗೂದಿದ್ರ ನನಗ ಆಗ್ಲಿ. ನೀವು ಏಳ್ರಿ."

ಸುತ್ತಿಗೆ ನಿಂತಿತು. ಇಬ್ಬರೂ ಮೇಲೆ ಬಂದ ಸ್ವಲ್ಪ ಹೊತ್ತಿಗೇ ಗೋಡೆ ಕುಸಿಯಿತು. ಕಾಕಾ ನೆಲದ ಮೇಲೆ ಕುಳಿತು, ಕಾಕುವಿನ ಕೈ ಬಿಡದೆ, ಗೊಳೋ ಎಂದು ಅತ್ತರು.

"ಮೂರು ದಿನ ಜೀವ ಕೈಯಾಗ ಹಿಡಕೊಂಡು ಕುಂತಿದ್ದೆ. ಯಾರರ ಇಳದು ಬಂದು ಕರಕೊಂಡು ಹೋಗ್ತಾರೇನಂತ ದಾರಿ ಕಾಯಾಕತ್ತಿದ್ದೆ. ನೀವೆಲ್ಲಾ ಮ್ಯಾಲ ನಿಂತು ನಗಾಕತ್ತಿದ್ರಿ."