ಪಂಚಾಕ್ಷರಪ್ಪನವರ ಹನ್ನೊಂದು ಪಾತ್ರೆಗಳು

ಒಂದು ವರ್ಷದಿಂದ ಯಾರ ಕೈಯೂ ಸೋಕದ ವಸ್ತು ಒಂದೂ ನನ್ನ ಮನೆಯಲ್ಲಿ ಇರತಕ್ಕದ್ದಲ್ಲ ಎಂದು ಕಳೆದ ತಿಂಗಳ ಎರಡನೆಯ ಸೋಮವಾರ ಬೆಳಿಗ್ಗೆ ಎಂಟೂ ಕಾಲಿಗೆ ನಾನು ನಿರ್ಣಯಿಸಿದೆ. ‘ಸುಮಾರು ಎಂಟು ಗಂಟೆ’ ಎಂದು ಬರೆಯುವವರು ಬೇರೆ ಇದ್ದಾರೆ. ನಾನು ಮೂವತ್ತಮೂರು ವರ್ಷ ನಾಲ್ಕು ತಿಂಗಳು ಅಂಕಿ-ಅಂಶಗಳ ನಡುವೆ ದುಡಿದು ನಿವೃತ್ತನಾದವನು. ‘ಸುಮಾರು’ ಎಂಬ ಪದವನ್ನು ನನ್ನ ಯಾವ ವರದಿಯೂ ಕಂಡಿಲ್ಲ!

ಆ ಸೋಮವಾರವನ್ನೇ ಆರಿಸಿಕೊಳ್ಳಲು ಸಕಾರಣವಿತ್ತು. ಧರ್ಮಪತ್ನಿ ಕಸ್ತೂರಮ್ಮ ತಂಗಿಯ ಮನೆಗೆಂದು ಚನ್ನಗಿರಿಗೆ ಹೋಗಿದ್ದಳು, ಮರಳುವುದು ಗುರುವಾರ. ನಾನು ಹೊನ್ನಾಳಿಯ ನಮ್ಮ ಮನೆಯ ಅಟ್ಟದ ಮೇಲೆ ದಂಡಯಾತ್ರೆ ಕೈಗೊಂಡೆ. ಅಲ್ಲಿ ಸೆರೆ ಸಿಕ್ಕದ್ದು ಇಪ್ಪತ್ತಾರು ಸ್ಟೀಲ್ ಪಾತ್ರೆಗಳು. ಗೃಹಪ್ರವೇಶ, ನಾಮಕರಣಗಳಿಗೆ ನಂಟರು ಹೆಸರು, ಊರು, ತಾರೀಖು ಕೊರೆಸಿ ಉಡುಗೊರೆ ಕೊಟ್ಟ ಡಬರಿ, ಪರಾತ, ಬೋಗುಣಿಗಳು. ಅವುಗಳ ಬಾಯಿಯ ಅಗಲ, ಆಳ, ಎಷ್ಟು ಲೀಟರ್ ಹಿಡಿಯುತ್ತವೆ ಎಂಬುದನ್ನೆಲ್ಲ ಅಳೆದು ಬರೆದೆ. ಕೊರೆದ ಹೆಸರುಗಳನ್ನು ಮಾತ್ರ ಓದಲಿಲ್ಲ. ಹೆಸರಿನಲ್ಲಿ ಅನ್ನ ಬೇಯುವುದಿಲ್ಲವಷ್ಟೆ.

ಈ ಪಾತ್ರೆಗಳು ಯಾರಿಗೆ ಬೇಕೆಂಬುದನ್ನು ಪಕ್ಕದ ಮನೆಯ ನಿರ್ಮಲಮ್ಮ ತಿಳಿಸಿದರು. ಜಗಳೂರು ಕಡೆಯ ಹೊನ್ನೂರಮ್ಮ ಮತ್ತು ಐವರು ಹೆಂಗಸರು ಪ್ರತಿವರ್ಷ ಚನ್ನಗಿರಿ ಸೀಮೆಗೆ ಅಡಿಕೆ ಸುಲಿಯಲು ಬರುತ್ತಿದ್ದರು. ಈ ವರ್ಷ ಸುಲಿಯುವ ಕೆಲಸವನ್ನು ಯಂತ್ರ ನುಂಗಿತ್ತು. ಬರಿಗೈಯಲ್ಲಿ ಊರಿಗೆ ಹೋಗಲೊಲ್ಲದೆ ಹೊನ್ನಾಳಿಯಲ್ಲಿ ಒಂದು ಕೋಣೆ ಹಿಡಿದು ಅಡುಗೆ ಕೆಲಸ ಹುಡುಕುತ್ತಿದ್ದರು. ನ್ಯಾಮತಿಯಲ್ಲಿ ನಡೆಯುವ ಮೂರು ದಿನಗಳ ಹೈನುಗಾರಿಕೆ ಶಿಬಿರಕ್ಕೆ, ನೂರಿಪ್ಪತ್ತು ಜನರಿಗೆ ಅಡುಗೆ ಮಾಡುವ ಕೆಲಸ ಅವರ ಕೈಯಳತೆಯಲ್ಲೇ ಇತ್ತು. ಷರತ್ತು ಒಂದೇ: ಪಾತ್ರೆಗಳನ್ನು ಅವರೇ ತರಬೇಕು.

ಮಂಗಳವಾರ ಗೂಡ್ಸ್ ಆಟೋದಲ್ಲಿ ಚಾಲಕನ ಪಕ್ಕ ಕುಳಿತು ನಾನೇ ಹೋಗಿ ಇಪ್ಪತ್ತಾರನ್ನೂ ಇಳಿಸಿದೆ. ಯಾರು ಕೊಟ್ಟದ್ದೆಂದು ಹೊನ್ನೂರಮ್ಮ ಕೇಳಿದಾಗ, ಮಹಾತ್ಮರ ಶೈಲಿಯಲ್ಲಿ ಮುಗುಳ್ನಕ್ಕು ಏನೂ ಹೇಳದೆ ಬಂದೆ. ಆ ಮುಗುಳ್ನಗೆಗೆ ನಾನು ಇಂದಿಗೂ ಪರಿತಪಿಸುತ್ತಿದ್ದೇನೆ.

ಗುರುವಾರ ಕಸ್ತೂರಮ್ಮ ಬಂದಳು. ಖಾಲಿ ಅಟ್ಟವನ್ನು ನೋಡಿದಳು.

“ನಮ್ಮಣ್ಣ ಕೊಟ್ಟ ಪಾತ್ರೆ ಎಲ್ಲಿ ಅದಾವ್ರಿ?”

“ಕಷ್ಟದಲ್ಲಿರುವವರ ಒಲೆಯ ಮೇಲೆ ಸಾರ್ಥಕವಾಗಿವೆ.”

“ಅಣ್ಣ ಇನ್ನೂ ಬದುಕವ್ನೆ ರೀ. ಅವನ ಹೆಸರು ಊರೂರು ತಿರುಗಾಕೆ ಹತ್ತಿದ್ರೆ ಸುಮ್ನೆ ಕುಂದ್ರೋ ಮನುಷ್ಯನಾ ಅವನು?”

ಅವಳ ಅಣ್ಣನೇ ನಲ್ಲೂರಿನ ಪಂಚಾಕ್ಷರಪ್ಪ. ನಮ್ಮ ಮನೆಯಲ್ಲಿ ಮಗು ತೊಟ್ಟಿಲಿಗೆ ಬಿದ್ದರೂ ಪಾತ್ರೆ, ನಾನು ನಿವೃತ್ತನಾದರೂ ಪಾತ್ರೆ ಕೊಟ್ಟ ಮಹಾನುಭಾವ. ಕಸ್ತೂರಮ್ಮ ಬೆರಳು ಮಡಚಿ ಹೇಳಿದ ಪ್ರಕಾರ, ಇಪ್ಪತ್ತಾರರಲ್ಲಿ ಹನ್ನೊಂದು ಅವರವೇ. ನಲ್ಲೂರೆಲ್ಲಿ, ನ್ಯಾಮತಿಯೆಲ್ಲಿ, ಅವರಿಗೆ ತಿಳಿಯುವ ಸಂಭವನೀಯತೆ ಶೂನ್ಯ ಎಂದು ನಾನು ಶಾಸ್ತ್ರೋಕ್ತವಾಗಿ ವಾದಿಸಿದೆ.

ಮರುವಾರ ಶುರುವಾದ ಶಿಬಿರದ ಉದ್ಘಾಟನೆಗೆ, ಹದಿನೆಂಟು ಎಮ್ಮೆ ಸಾಕಿದ ಅನುಭವಿ ಎಂದು ಪಂಚಾಕ್ಷರಪ್ಪನವರನ್ನೇ ಕರೆದಿದ್ದರು!

ಮೊದಲ ದಿನ ಬೆಳಿಗ್ಗೆ ಉಪ್ಪಿಟ್ಟಿಗೆಂದು ತಟ್ಟೆ ಹಿಡಿದು ನಿಂತವರು ಡಬರಿಯ ಹೊಟ್ಟೆಯ ಮೇಲೆ ತಮ್ಮದೇ ಹೆಸರು ಓದಿದರಂತೆ. ತಟ್ಟೆ ಕೆಳಗಿಟ್ಟು ತಂಗಿಗೆ ಫೋನ್ ಮಾಡಿದರು. ಫೋನ್ ಅವಳ ಕಿವಿಯಲ್ಲಿದ್ದರೂ ಪ್ರತಿಯೊಂದು ಪದವೂ ನನಗೆ ಕೇಳಿಸಿತು. ಸಿಕ್ಕ ಬಸ್ಸು ಹತ್ತಿ ನ್ಯಾಮತಿಗೆ ಓಡಿದೆವು.

ಅಡುಗೆ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಭಾವನವರು ಉಪವಾಸ ಕುಳಿತಿದ್ದರು. ಮಧ್ಯಾಹ್ನದ ಅನ್ನ ಖಾಲಿಯಾದ ಕೂಡಲೇ ಹನ್ನೊಂದು ಪಾತ್ರೆಗಳನ್ನೂ ತೊಳೆದು ತಮ್ಮ ಜೀಪಿಗೆ ಹಾಕಬೇಕೆಂಬುದು ಅವರ ಆಜ್ಞೆ; ತಾವು ಯಾರೆಂದು ಮಾತ್ರ ಅಡುಗೆಯವರಿಗೆ ಹೇಳಿರಲಿಲ್ಲ. ಶೆಡ್ಡಿನೊಳಗೆ ಆರೂ ಹೆಂಗಸರು ಮುಖ ಬಾಡಿಸಿಕೊಂಡು ರೊಟ್ಟಿ ತಟ್ಟುತ್ತಿದ್ದರು. ದೊಡ್ಡ ಪಾತ್ರೆಗಳೆಲ್ಲ ಅವೇ, ಅವು ಹೋದರೆ ರಾತ್ರಿಯ ಅಡುಗೆಯಿಲ್ಲ. ಅಡುಗೆಯಿಲ್ಲದಿದ್ದರೆ ನಾಳೆಯಿಂದ ಬೇರೆಯವರನ್ನು ಕರೆಸುವುದಾಗಿ ಶಿಬಿರದ ವ್ಯವಸ್ಥಾಪಕ ಮಲ್ಲೇಶಪ್ಪ ಆಗಲೇ ಹೇಳಿಯಾಗಿತ್ತು.

ನಾನು ಗಂಟಲು ಸರಿಪಡಿಸಿಕೊಂಡೆ. “ಪಂಚಾಕ್ಷರಪ್ಪನವರೇ, ಉಡುಗೊರೆ ಕೊಟ್ಟ ಕ್ಷಣದಿಂದ ಆ ವಸ್ತುವಿನ ಮೇಲೆ ತಮಗೆ ಯಾವ ಹಕ್ಕೂ ಉಳಿಯುವುದಿಲ್ಲ.”

“ಹಕ್ಕಿನ ಮಾತಲ್ಲ ಜಯದೇವಪ್ಪ, ಮರ್ಯಾದೆ ಮಾತು. ನಾ ಕೊಟ್ಟಿದ್ದು ನಿಮಗೆ ಬೇಡ ಆತು, ಅಷ್ಟೇ ಅಲ್ಲೇನು?”

ನಾನು ಪಾತ್ರೆಗಳ ಅಳತೆಯ ಪಟ್ಟಿಗಾಗಿ ಜೇಬಿಗೆ ಕೈ ಹಾಕಿದೆ. ಆದರೆ ನಾನು ಕರೆದ ಹೆಸರು ಒಳಗೆ ಕೇಳಿಸಿತ್ತು. ಹೊನ್ನೂರಮ್ಮ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ನೀವೇನ್ರಿ ಪಂಚಾಕ್ಷರಪ್ಪೋರು? ಬೆಳಿಗ್ಗಿಂದ ಕುಂತೀರಿ, ಒಂದ್ ಮಾತು ಹೇಳಬಾರ್ದಾ? ನಮಗೆ ಇಷ್ಟೆಲ್ಲಾ ಪಾತ್ರೆ ಕಳಿಸಿದ ಪುಣ್ಯಾತ್ಮರು ಯಾರಪ್ಪಾ ಅಂತ ದಿನಾ ಅಂದ್ಕಂತಿದ್ವಿ. ನಮ್ಮ ಲಕ್ಷ್ಮಕ್ಕಗೆ ಓದಾಕೆ ಬರಲ್ಲ, ನಿಮ್ಮ ಹೆಸರು ಮಾತ್ರ ಓದ್ತಾಳೆ. ಪಾತ್ರೆ ತಿಕ್ಕಿ ತಿಕ್ಕೀನೇ ಕಲ್ತಾಳ್ರಿ.”

ಒಳಗಿನಿಂದ ಲಕ್ಷ್ಮಕ್ಕ ಒಂದೊಂದೇ ಅಕ್ಷರವನ್ನು ಬೆರಳಿನಿಂದ ಮುಟ್ಟುತ್ತ ಓದಿ ತೋರಿಸಿದಳು. ‘ಕ್ಷ’ದ ಬಳಿ ಕೊಂಚ ತಡವರಿಸಿದಳು, ಆದರೆ ದಾಟಿದಳು. ಪಂಚಾಕ್ಷರಪ್ಪನವರು ಎದ್ದು ಕುರ್ಚಿಯನ್ನು ಬಾಗಿಲಿನಿಂದ ಪಕ್ಕಕ್ಕೆ ಸರಿಸಿದರು. ಆಮೇಲೆ ಒಂದು ರೊಟ್ಟಿ ಕೇಳಿದರು. ಅದು ಐದಾಯಿತು; ನಾನೇ ಎಣಿಸಿದ್ದೇನೆ.

ಐದನೆಯದು ಇಳಿಯುವಷ್ಟರಲ್ಲಿ ಪಾತ್ರೆಗಳು ಹೆಂಗಸರ ಬಳಿಯೇ ಉಳಿಯುವುದೆಂದು ಇತ್ಯರ್ಥವಾಯಿತು. ಅಷ್ಟೇ ಅಲ್ಲ, ಮುಂದಿನ ಭಾನುವಾರ ನಲ್ಲೂರಿನ ತಮ್ಮ ಮನೆಯಲ್ಲಿ ಮೊಮ್ಮಗಳ ನಾಮಕರಣಕ್ಕೆ ಮುನ್ನೂರು ಜನರ ಅಡುಗೆಯನ್ನೂ ಅವರಿಗೇ ಒಪ್ಪಿಸಿದರು. ಮಲ್ಲೇಶಪ್ಪ ಸಭೆಯ ಮೈಕು ಹಿಡಿದೇ ಓಡಿಬಂದು ‘ಮಹಾದಾನಿ’ ಎಂದು ಕರೆದು ಅವರಿಗೆ ಶಾಲು ಹೊದಿಸಿದರು. ಸತ್ಯಾಂಶವನ್ನು ಸಭೆಗೆ ತಿಳಿಸಲು ನಾನು ಮೈಕಿನತ್ತ ಎರಡು ಹೆಜ್ಜೆ ಇಟ್ಟೆ.

ಕಸ್ತೂರಮ್ಮ ನನ್ನ ಅಂಗಿ ಹಿಡಿದಳು. “ಸುಮ್ನಿರ್ರಿ. ಅವರಿಗೆ ಕೆಲಸ ಸಿಕ್ತೋ ಇಲ್ಲೋ?”

ಸಿಕ್ಕಿತ್ತು. ಆ ಎರಡು ಹೆಜ್ಜೆಗಳನ್ನೂ ಹಿಂದಕ್ಕೆ ಇಟ್ಟೆ. ಆಗ ಹೊನ್ನೂರಮ್ಮ ನನ್ನ ಕಡೆ ಕೈ ತೋರಿ ಭಾವನವರಿಗೆ ಹೇಳಿದಳು:

“ಯಜಮಾನ್ರೇ, ಭಾನುವಾರಕ್ಕೂ ಈ ಅಜ್ಜಾರನ್ನೇ ಕಳಿಸ್ರಿ. ನಿಮ್ಮ ಪಾತ್ರೆ ತಂದು ಇಳಿಸಿದ್ದು ಇವರೇ. ಒಂದೂ ನೆಗ್ಗಿಲ್ಲ, ಎಣಿಸಿ ಕೊಟ್ಟು ಸಹಿ ಹಾಕಿಸ್ಕೊಂಡೇ ಹೋದ್ರು. ಈ ವಯಸ್ನಾಗೂ ದುಡ್ಕೊಂಡು ತಿಂತಾರೆ ಪಾಪ, ಕೆಲಸ ತಪ್ಪಿಸಬ್ಯಾಡ್ರಿ.”

ಭಾವನವರು ಶಾಲು ಸರಿಪಡಿಸಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಆತು, ಬರ್ತಾನೆ” ಎಂದರು.

ಭಾನುವಾರ ಬೆಳಗಿನ ಜಾವ ಐದೂ ಮುಕ್ಕಾಲಿಗೆ ನಾನು ನಲ್ಲೂರಿನಲ್ಲಿ ಕೆಲಸಕ್ಕೆ ಹಾಜರಾದೆ. ಹೊನ್ನೂರಮ್ಮ ಹೇಳಿದ್ದು ಐದೂವರೆಗೆ, ತಡವಾಗಿದ್ದಕ್ಕೆ ಬೈಸಿಕೊಂಡೆ.